ಲಕ್ಷಗಟ್ಟಲೆ ಮಂದಿಯನ್ನು ಕೇಳಿದರೆ ಸಮೀಕ್ಷೆ ನಿಜವಾಗುತ್ತದೆಯೇ? ಜಾರ್ಜ್ ಗ್ಯಾಲಪ್ ಕಥೆ
ಲಕ್ಷಾಂತರ ಮಂದಿ ಉತ್ತರಿಸಿದ ಸಮೀಕ್ಷೆ ಎಂಬ ಫಾರ್ವರ್ಡ್ ಬಂದಾಗಲೆಲ್ಲ ನಮಗೆ ಜಾರ್ಜ್ ಗ್ಯಾಲಪ್ ನೆನಪಾಗುತ್ತಾರೆ. 1901ರಲ್ಲಿ ಅಮೆರಿಕದ ಅಯೋವಾದಲ್ಲಿ ಹುಟ್ಟಿದ ಅವರು 1935ರಲ್ಲಿ ಜನಾಭಿಪ್ರಾಯ ಸಂಸ್ಥೆ ಕಟ್ಟಿದರು. ಮರುವರ್ಷದ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಚೀಟಿಗಳನ್ನು ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಆದರೆ ವಿಳಾಸಗಳು ಹೆಚ್ಚಾಗಿ ಫೋನ್, ಕಾರು ಇದ್ದ ಉಳ್ಳವರದ್ದು. ಕೊಟ್ಟಾರ ಚೌಕಿಯಲ್ಲಿ ಕಾರಿನವರನ್ನಷ್ಟೇ ಕೇಳಿ ಮಂಗಳೂರಿನ ಮನಸ್ಸು ತಿಳಿಯಿತು ಅಂದ ಹಾಗೆ! ಗ್ಯಾಲಪ್ ತೀರಾ ಕಡಿಮೆ ಮಂದಿಯನ್ನು, ಬಡವರು, ರೈತರು ಎಲ್ಲರನ್ನೂ ಸೇರಿಸಿ ಕೇಳಿ, ರೂಸ್‌ವೆಲ್ಟ್ ಎಂದರು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. 1948ರಲ್ಲಿ ಗ್ಯಾಲಪ್ ಕೂಡ ಎಡವಿದರು. ಮತದಾನಕ್ಕೆ ಇನ್ನೂ ದಿನಗಳಿರುವಾಗಲೇ ಕೇಳುವುದನ್ನು ನಿಲ್ಲಿಸಿದ್ದರು, ಟ್ರೂಮನ್ ಗೆದ್ದುಬಿಟ್ಟರು. ಆಮೇಲೆ ಕೊನೆಯ ದಿನಗಳವರೆಗೂ ಕೇಳುವ ಕ್ರಮ ತಂದರು. 1984ರಲ್ಲಿ ತೀರಿಕೊಂಡರು.