ಹುದ್ದೆಯ ಜತೆ ಬಂದ ಮನೆ: ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ

'ಜೇನ್ ಏರ್', 'ವುದರಿಂಗ್ ಹೈಟ್ಸ್' ಕಾದಂಬರಿಗಳನ್ನು ಓದಿದವರಿಗೆ ಬ್ರಾಂಟೆ ಸೋದರಿಯರ ಪರಿಚಯ ಹೊಸದೇನಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಾವರ್ತ್ ಎಂಬ ಗುಡ್ಡದೂರು ಅವರ ಹೆಸರಿನೊಡನೆ ಬೆಸೆದುಹೋಗಿದೆ. ಆದರೆ ಅವರು ಹುಟ್ಟಿದ್ದು ಹಾವರ್ತ್‌ನಲ್ಲಲ್ಲ. ಅಲ್ಲಿ ಅವರು ಬಾಳಿದ ಮನೆಯೂ ಸ್ವಂತದ್ದಲ್ಲ. ಅದು ತಂದೆ ಪ್ಯಾಟ್ರಿಕ್ ಬ್ರಾಂಟೆಯವರ ಪಾದ್ರಿ ಹುದ್ದೆಯ ಜತೆಗೆ ಬಂದ ಮನೆ. ಅವರು ಕಣ್ಣುಮುಚ್ಚಿದ ದಿನವೇ ಅದರ ಮೇಲಿನ ಹಕ್ಕೂ ಮುಗಿಯುತ್ತಿತ್ತು. ಆ ಕುಟುಂಬದ ಬಹುಪಾಲು ನಿರ್ಧಾರಗಳ ಹಿಂದೆ ಈ ಒಂದು ಸಂಗತಿ ನೆರಳಿನಂತೆ ನಿಂತಿದೆ.

ಪ್ಯಾಟ್ರಿಕ್ ಹುಟ್ಟಿದ್ದು 1777ರ ಮಾರ್ಚ್ 17ರಂದು, ಐರ್ಲೆಂಡಿನ ಡೌನ್ ಕೌಂಟಿಯ ಬಡ ಕುಟುಂಬವೊಂದರಲ್ಲಿ. ಹತ್ತು ಮಕ್ಕಳಲ್ಲಿ ಅವರೇ ಹಿರಿಯರು. ಕಮ್ಮಾರನ ಕುಲುಮೆಯಲ್ಲಿ ಕೆಲಸ ಕಲಿತರು, ನೇಯ್ಗೆ ಮಾಡಿದರು, ಹದಿಹರೆಯದಲ್ಲೇ ಹಳ್ಳಿ ಶಾಲೆಯ ಮಾಸ್ತರರಾದರು. ಸ್ವಪ್ರಯತ್ನದಿಂದ ಓದಿ 1802ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿದರು. ಶುಲ್ಕದಲ್ಲಿ ರಿಯಾಯಿತಿ ಪಡೆದ ಬಡ ವಿದ್ಯಾರ್ಥಿಗಳ ಸಾಲಿನಲ್ಲಿ ಅವರಿದ್ದರು. ಪ್ರಂಟಿ, ಬ್ರಂಟಿ ಎಂದೆಲ್ಲ ಕರೆಸಿಕೊಳ್ಳುತ್ತಿದ್ದ ಮನೆತನದ ಹೆಸರು 'ಬ್ರಾಂಟೆ' ಆದದ್ದು ಆ ದಿನಗಳಲ್ಲಿ. 1806ರಲ್ಲಿ ಪದವಿ ಮುಗಿಸಿ ಧರ್ಮದೀಕ್ಷೆ ಪಡೆದರು.

ಅಲ್ಲಿಂದ ಶುರುವಾದದ್ದು ಊರಿಂದೂರಿನ ಅಲೆದಾಟ. ಎಸೆಕ್ಸ್‌ನ ವೆದರ್ಸ್‌ಫೀಲ್ಡ್, ಶ್ರಾಪ್‌ಷೈರ್‌ನ ವೆಲ್ಲಿಂಗ್ಟನ್, ಯಾರ್ಕ್‌ಷೈರ್‌ನ ಡ್ಯೂಸ್‌ಬರಿ, ಬಳಿಕ ಹಾರ್ಟ್ಸ್‌ಹೆಡ್ ಹೀಗೆ ಹತ್ತು ವರ್ಷದೊಳಗೆ ನಾಲ್ಕು ಊರುಗಳ ಚರ್ಚುಗಳಲ್ಲಿ ಸೇವೆ ಸಂದಿತು. 1812ರ ಡಿಸೆಂಬರ್ 29ರಂದು ಕಾರ್ನ್‌ವಾಲ್‌ನ ಪೆನ್ಜಾನ್ಸ್ ಮೂಲದ ಮರಿಯಾ ಬ್ರಾನ್‌ವೆಲ್ ಅವರೊಡನೆ ವಿವಾಹವಾಯಿತು. 1815ರ ಮೇ ತಿಂಗಳಲ್ಲಿ ಮರಿಯಾ, ಎಲಿಜಬೆತ್ ಎಂಬ ಇಬ್ಬರು ಎಳೆಯ ಹೆಣ್ಣುಮಕ್ಕಳೊಡನೆ ದಂಪತಿ ಬ್ರಾಡ್‌ಫರ್ಡ್ ಬಳಿಯ ಥಾರ್ನ್‌ಟನ್‌ಗೆ ಬಂದರು. ಅಲ್ಲಿನ ಪುಟ್ಟ ಮನೆಯಲ್ಲಿ 1816ರಲ್ಲಿ ಶಾರ್ಲಟ್, 1817ರಲ್ಲಿ ಏಕೈಕ ಪುತ್ರ ಬ್ರಾನ್‌ವೆಲ್, 1818ರಲ್ಲಿ ಎಮಿಲಿ, 1820ರ ಜನವರಿಯಲ್ಲಿ ಆನ್ ಹುಟ್ಟಿದರು. ತಮ್ಮ ಬಾಳಿನ ಅತ್ಯಂತ ಸುಖದ ದಿನಗಳು ಥಾರ್ನ್‌ಟನ್‌ನಲ್ಲೇ ಕಳೆದವೆಂದು ಪ್ಯಾಟ್ರಿಕ್ ಮುಂದೆ ನೆನೆದಿದ್ದುಂಟು.

ಆರು ಮಕ್ಕಳ ಸಂಸಾರಕ್ಕೆ ಆ ಮನೆ ಸಾಲದಾಗಿತ್ತು. ಹತ್ತು ಕಿಲೋಮೀಟರ್ ಆಸುಪಾಸಿನ ಹಾವರ್ತ್‌ನ ಪಾದ್ರಿ 1819ರಲ್ಲಿ ತೀರಿಕೊಂಡಾಗ ದೊಡ್ಡ ಮನೆ, ಜೀವಾವಧಿ ಹುದ್ದೆ ಎರಡೂ ಒದಗಿಬರುವ ಸಂದರ್ಭ ತೆರೆಯಿತು. ಬ್ರಾಡ್‌ಫರ್ಡ್‌ನ ಹಿರಿಯ ಪಾದ್ರಿ ಹೆನ್ರಿ ಹೀಪ್ ಪ್ಯಾಟ್ರಿಕ್ ಅವರನ್ನು ಆ ಸ್ಥಾನಕ್ಕೆ ಹೆಸರಿಸಿದರು. ಆದರೆ ಹಾವರ್ತ್‌ನ ಚರ್ಚಿನ ಜಮೀನಿನ ಉತ್ಪನ್ನ ಅಲ್ಲಿನ ಧರ್ಮದರ್ಶಿಗಳ ಕೈಯಲ್ಲಿತ್ತು. ತಮ್ಮ ಒಪ್ಪಿಗೆಯಿಲ್ಲದೆ ಯಾರೂ ಬರುವಂತಿಲ್ಲ ಎಂಬುದು ಅವರ ಪಟ್ಟು. ಪ್ಯಾಟ್ರಿಕ್ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಹೆಸರಿಸಿದ ರೀತಿಯ ಬಗ್ಗೆ ಇತ್ತು. ಇದನ್ನರಿತ ಪ್ಯಾಟ್ರಿಕ್ ಹಿಂದೆ ಸರಿದರು.

ಅವರ ಬದಲಿಗೆ ಬಂದ ಸ್ಯಾಮ್ಯುಯೆಲ್ ರೆಡ್‌ಹೆಡ್ ಅವರ ಪಾಡು ಹೇಳತೀರದು. ಪ್ರಾರ್ಥನೆಯ ನಡುವೆಯೇ ಸಭಿಕರು ಮರದ ಮೆಟ್ಟುಗಳನ್ನು ಸದ್ದು ಮಾಡುತ್ತ ಎದ್ದು ಹೊರನಡೆದರು. ಮುಂದಿನ ವಾರಗಳಲ್ಲಿ ಗದ್ದಲ ಮಿತಿಮೀರಿತು. ಕೆಲವೇ ವಾರಗಳಲ್ಲಿ ರೆಡ್‌ಹೆಡ್ ಹುದ್ದೆ ತೊರೆದರು. ಕೊನೆಗೆ ಹೀಪ್ ಮತ್ತು ಧರ್ಮದರ್ಶಿಗಳು ರಾಜಿಯಾಗಿ ಇಬ್ಬರೂ ಒಪ್ಪಿದ ಹೆಸರೆಂದು ಮತ್ತೆ ಪ್ಯಾಟ್ರಿಕ್ ಅವರನ್ನೇ ಆರಿಸಿದರು. 1820ರ ಫೆಬ್ರವರಿ 25ರಂದು ನೇಮಕ ಅಧಿಕೃತವಾಯಿತು.

ಥಾರ್ನ್‌ಟನ್ ಮನೆಯಲ್ಲಿ ಹೊರಡುವ ಸಿದ್ಧತೆ ಸುಲಭದ್ದಾಗಿರಲಿಲ್ಲ. ಹಿರಿಯ ಮಗಳಿಗೆ ಆರು ವರ್ಷ, ಕಿರಿಯವಳಿಗೆ ಮೂರು ತಿಂಗಳೂ ತುಂಬಿರಲಿಲ್ಲ. ಏಳು ವರ್ಷದಲ್ಲಿ ಆರು ಹೆರಿಗೆ ಕಂಡಿದ್ದ ತಾಯಿಗೆ ನೆರವಾಗಲು ಇದ್ದವರು ನ್ಯಾನ್ಸಿ ಮತ್ತು ಸಾರಾ ಗಾರ್ಸ್ ಎಂಬ ಅಕ್ಕತಂಗಿಯರು. ಮನೆಗೆಲಸದ ಈ ಹುಡುಗಿಯರು ಕುಟುಂಬದ ಜತೆಗೇ ಹಾವರ್ತ್‌ಗೆ ಹೊರಟರು. ಮಾರ್ಚ್ 25ರಂದು ಕೂಸು ಆನ್‌ಳ ದೀಕ್ಷಾಸ್ನಾನ ಥಾರ್ನ್‌ಟನ್‌ನಲ್ಲೇ ನಡೆಯಿತು. ಏಪ್ರಿಲ್‌ನಲ್ಲಿ ಸಾಮಾನು ಹೇರಿದ ಏಳು ಗಾಡಿಗಳು ಹಾವರ್ತ್‌ನ ಕಲ್ಲುಹಾಸಿನ ಏರುದಾರಿಯನ್ನು ನಿಧಾನವಾಗಿ ಹತ್ತಿದ್ದನ್ನು ಕಂಡವರು ದಶಕಗಳ ನಂತರವೂ ನೆನೆಯುತ್ತಿದ್ದರೆಂದು ಶಾರ್ಲಟ್‌ಳ ಜೀವನಚರಿತ್ರೆಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ದಾಖಲಿಸಿದ್ದಾರೆ.

ಊರಿನ ನೆತ್ತಿಯಲ್ಲಿದ್ದ ಕಲ್ಲಿನ ಮನೆಯದು. ಎದುರಿಗೆ ಗೋರಿಗಳಿಂದ ಕಿಕ್ಕಿರಿದ ಚರ್ಚಿನ ಸ್ಮಶಾನ, ಹಿಂದೆ ಕಣ್ಣು ಹಾಯುವವರೆಗೆ ಕುರುಚಲು ಬೆಳೆದ ಬಯಲುಗುಡ್ಡ. ಆದರೆ ಹೊಸ ಮನೆಯ ಸಂಭ್ರಮ ಒಂದು ವರ್ಷವೂ ಉಳಿಯಲಿಲ್ಲ. 1821ರ ಜನವರಿಯಲ್ಲಿ ಹಾಸಿಗೆ ಹಿಡಿದ ಮರಿಯಾ ಸೆಪ್ಟೆಂಬರ್ 15ರಂದು ನಿಧನರಾದರು. ಶುಶ್ರೂಷೆಗೆಂದು ದೂರದ ಪೆನ್ಜಾನ್ಸ್‌ನಿಂದ ಬಂದ ಅವರ ಅಕ್ಕ ಎಲಿಜಬೆತ್ ಬ್ರಾನ್‌ವೆಲ್ ಮತ್ತೆ ತವರಿಗೆ ಮರಳಿ ನೆಲಸಲೇ ಇಲ್ಲ. 1842ರಲ್ಲಿ ತಾವು ಸಾಯುವವರೆಗೂ ಮಕ್ಕಳಿಗೆ ದೊಡ್ಡಮ್ಮನಾಗಿ ಅಲ್ಲೇ ಉಳಿದರು.

ಆಸ್ತಿಯಿಲ್ಲದ ಪಾದ್ರಿಯ ಹೆಣ್ಣುಮಕ್ಕಳಿಗೆ ತಂದೆಯ ತರುವಾಯ ನೆಲೆ ಯಾವುದು? ವಿದ್ಯೆಯೊಂದೇ ಉತ್ತರವೆಂದು ನಂಬಿದ ಪ್ಯಾಟ್ರಿಕ್ 1824ರಲ್ಲಿ ನಾಲ್ವರು ಹೆಣ್ಣುಮಕ್ಕಳನ್ನು ಕೋವನ್ ಬ್ರಿಜ್‌ನಲ್ಲಿ ಪಾದ್ರಿಗಳ ಹೆಣ್ಣುಮಕ್ಕಳಿಗಾಗಿಯೇ ತೆರೆದಿದ್ದ ಶಾಲೆಗೆ ಕಳಿಸಿದರು. ನಂಬಿಕೆಗೆ ತೆತ್ತ ಬೆಲೆ ಭೀಕರವಾಗಿತ್ತು. ಕ್ಷಯಕ್ಕೆ ತುತ್ತಾಗಿ ಮನೆಗೆ ಮರಳಿದ ಮರಿಯಾ 1825ರ ಮೇ 6ರಂದು, ಎಲಿಜಬೆತ್ ಜೂನ್ 15ರಂದು ಅಸುನೀಗಿದರು. ಶಾರ್ಲಟ್ ಮತ್ತು ಎಮಿಲಿಯನ್ನು ತಂದೆ ಮನೆಗೆ ಕರೆತಂದರು. 'ಜೇನ್ ಏರ್'ನ ಲೋವುಡ್ ಶಾಲೆಗೆ ಈ ನೋವೇ ಮೂಲ.

ಮುಂದಿನ ವರ್ಷಗಳಲ್ಲಿ ಉಳಿದ ನಾಲ್ವರು ಮಕ್ಕಳು ಮನೆಯಲ್ಲೇ ಓದಿ ಬೆಳೆದರು. ತಂದೆಯ ಪುಸ್ತಕಗಳಿಗಾಗಲೀ ಮನೆಗೆ ಬರುತ್ತಿದ್ದ ಪತ್ರಿಕೆಗಳಿಗಾಗಲೀ ಅವರಿಗೆ ತಡೆಯಿರಲಿಲ್ಲ. 1826ರಲ್ಲಿ ತಂದೆ ಬ್ರಾನ್‌ವೆಲ್‌ಗೆ ತಂದುಕೊಟ್ಟ ಮರದ ಸಿಪಾಯಿಗಳ ಸುತ್ತ ಮಕ್ಕಳು ಕಲ್ಪಿತ ರಾಜ್ಯಗಳನ್ನೇ ಕಟ್ಟಿ, ಅವುಗಳ ಕಥೆ ಬರೆದರು. 1830ರಲ್ಲಿ ಪ್ಯಾಟ್ರಿಕ್ ಶ್ವಾಸಕೋಶದ ಕಾಯಿಲೆಯಿಂದ ತೀವ್ರ ಅಸ್ವಸ್ಥರಾದಾಗ ಮನೆಯ ಅನಿಶ್ಚಿತತೆ ಮತ್ತೆ ಎದುರು ನಿಂತಿತು. ಮರು ಜನವರಿಯಲ್ಲೇ ಶಾರ್ಲಟ್ ರೋ ಹೆಡ್ ಶಾಲೆಗೆ ಹೋದಳು. 1835ರಲ್ಲಿ ಅಲ್ಲಿಯೇ ಶಿಕ್ಷಕಿಯಾದಳು. ಎಮಿಲಿ ಶಾಲೆಯೊಂದರಲ್ಲಿ ದುಡಿದಳು. ಆನ್ ಸಿರಿವಂತರ ಮನೆಗಳಲ್ಲಿ ಗವರ್ನೆಸ್ ಆಗಿ ವರ್ಷಗಟ್ಟಲೆ ಸವೆದಳು. ದೊಡ್ಡಮ್ಮನ ಹಣದ ನೆರವಿನಿಂದ ಶಾರ್ಲಟ್ ಮತ್ತು ಎಮಿಲಿ 1842ರಲ್ಲಿ ಬ್ರಸೆಲ್ಸ್‌ಗೆ ಹೋಗಿ ಭಾಷೆ ಕಲಿತು ಬಂದರು. ಪಾದ್ರಿ ಮನೆಯಲ್ಲೇ ಶಾಲೆ ತೆರೆಯುವುದಾಗಿ 1844ರಲ್ಲಿ ಪ್ರಕಟಣೆ ಅಚ್ಚು ಹಾಕಿಸಿದರು. ಒಬ್ಬ ವಿದ್ಯಾರ್ಥಿನಿಯೂ ಬರಲಿಲ್ಲ.

ಉಳಿದ ದಾರಿ ಲೇಖನಿ. ಮೂವರೂ ಗಂಡಸರದೆಂದು ತೋರಬಹುದಾದ ಕಾವ್ಯನಾಮಗಳಲ್ಲಿ 1846ರಲ್ಲಿ ಪ್ರಕಟಿಸಿದ ಕವನ ಸಂಕಲನದ ಎರಡೇ ಪ್ರತಿಗಳು ಮಾರಾಟವಾದವು. ಅದೇ ಆಗಸ್ಟ್‌ನಲ್ಲಿ ದೃಷ್ಟಿ ಮಂಕಾಗಿದ್ದ ತಂದೆಯನ್ನು ಶಾರ್ಲಟ್ ಮ್ಯಾಂಚೆಸ್ಟರ್‌ಗೆ ಕರೆದೊಯ್ದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿದಳು. ಅರಿವಳಿಕೆ ಇಲ್ಲದ ಕಾಲವದು. ಕತ್ತಲ ಕೋಣೆಯಲ್ಲಿ ತಂದೆ ಚೇತರಿಸಿಕೊಳ್ಳುತ್ತಿದ್ದಾಗ ಮಗಳು 'ಜೇನ್ ಏರ್' ಬರೆಯಲಾರಂಭಿಸಿದಳು. 1847ರ ಅಕ್ಟೋಬರ್‌ನಲ್ಲಿ ಆ ಕಾದಂಬರಿ, ಡಿಸೆಂಬರ್‌ನಲ್ಲಿ ಎಮಿಲಿಯ 'ವುದರಿಂಗ್ ಹೈಟ್ಸ್' ಮತ್ತು ಆನ್‌ಳ 'ಆಗ್ನೆಸ್ ಗ್ರೇ' ಹೊರಬಂದವು.

ಕೀರ್ತಿಯ ಬೆನ್ನಿಗೇ ಸಾವು ಬಂತು. ಕುಡಿತ ಮತ್ತು ಅಫೀಮಿನಿಂದ ಜರ್ಜರಿತನಾಗಿದ್ದ ಬ್ರಾನ್‌ವೆಲ್ 1848ರ ಸೆಪ್ಟೆಂಬರ್‌ನಲ್ಲಿ, ಎಮಿಲಿ ಅದೇ ಡಿಸೆಂಬರ್‌ನಲ್ಲಿ, ಆನ್ 1849ರ ಮೇ ತಿಂಗಳಲ್ಲಿ ತೀರಿಕೊಂಡರು. ಎಂಟು ತಿಂಗಳಲ್ಲಿ ಮೂವರು ಮಕ್ಕಳನ್ನು ಕಳೆದುಕೊಂಡ ಮುದುಕ ಕೈಕಟ್ಟಿ ಕೂರಲಿಲ್ಲ. ಊರಿನ ಕೊಳಕು ನೀರಿನ ಬಗ್ಗೆ ಲಂಡನ್ನಿನ ಆರೋಗ್ಯ ಮಂಡಳಿಗೆ ಮನವಿ ಸಲ್ಲಿಸುವಲ್ಲಿ ಅವರು ಮುಂದಾಳಾಗಿದ್ದರು. ಅದರ ಫಲವಾಗಿ 1850ರಲ್ಲಿ ತನಿಖೆ ನಡೆಸಿದ ಬೆಂಜಮಿನ್ ಬ್ಯಾಬೇಜ್ ವರದಿಯ ಪ್ರಕಾರ ಹಾವರ್ತ್‌ನಲ್ಲಿ ಸಾಯುವವರ ಸರಾಸರಿ ವಯಸ್ಸು 25.8 ವರ್ಷ, ಶೇ. 41ಕ್ಕೂ ಹೆಚ್ಚು ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಶುದ್ಧ ನೀರಿನ ವ್ಯವಸ್ಥೆಯಾಗಲು ಮತ್ತೂ ವರ್ಷಗಳು ಹಿಡಿದವು.

ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕೋಲ್ಸ್ 1852ರಲ್ಲಿ ಶಾರ್ಲಟ್‌ಳನ್ನು ವರಿಸಲು ಬಯಸಿದಾಗ ಪ್ಯಾಟ್ರಿಕ್ ಕೆರಳಿ ಕೆಂಡವಾದರು. ಉಳಿದಿದ್ದ ಒಬ್ಬಳೇ ಮಗಳೂ ದೂರವಾಗುವ ಭಯ ಅದರಲ್ಲಿ ಇಲ್ಲದಿರಲಿಲ್ಲ. ಮದುವೆಯ ನಂತರವೂ ಮಾವನ ಮನೆಯಲ್ಲೇ ಇರುವುದೆಂದು ಒಪ್ಪಂದವಾದ ಮೇಲೆ 1854ರ ಜೂನ್‌ನಲ್ಲಿ ವಿವಾಹ ನಡೆಯಿತು. ಒಂಬತ್ತೇ ತಿಂಗಳಲ್ಲಿ, 1855ರ ಮಾರ್ಚ್ 31ರಂದು, ಗರ್ಭಿಣಿ ಶಾರ್ಲಟ್ ಕೊನೆಯುಸಿರೆಳೆದಳು. ನಿಕೋಲ್ಸ್ ಕೊಟ್ಟ ಮಾತಿನಂತೆ ಆರು ವರ್ಷ ಮಾವನ ಸೇವೆ ಮಾಡಿಕೊಂಡು ಉಳಿದರು.

1861ರ ಜೂನ್ 7ರಂದು, 84ರ ಇಳಿವಯಸ್ಸಿನಲ್ಲಿ ಪ್ಯಾಟ್ರಿಕ್ ನಿಧನರಾದರು. ಆರು ಮಕ್ಕಳಲ್ಲಿ ಒಬ್ಬರೂ ಆಗ ಬದುಕಿರಲಿಲ್ಲ. ಹುದ್ದೆ ತಮಗೇ ದಕ್ಕೀತೆಂದು ನಿಕೋಲ್ಸ್ ನಿರೀಕ್ಷಿಸಿದ್ದರು. ಆದರೆ 1819ರಲ್ಲಿ ಪಟ್ಟು ಹಿಡಿದಿದ್ದ ಅದೇ ಧರ್ಮದರ್ಶಿ ಮಂಡಳಿ ಬೇರೊಬ್ಬರನ್ನು ಆರಿಸಿತು. ಮನೆ ತೆರವಾಗಬೇಕಾಯಿತು. ಅಕ್ಟೋಬರ್‌ನಲ್ಲಿ ಸಾಮಾನು ಹರಾಜಾಯಿತು. ಆಪ್ತ ನೆನಪಿನ ಕೆಲವು ವಸ್ತು, ಹಸ್ತಪ್ರತಿಗಳೊಡನೆ ನಿಕೋಲ್ಸ್ ಐರ್ಲೆಂಡಿಗೆ ಮರಳಿ 1906ರವರೆಗೆ ಬದುಕಿದರು.

ಮಕ್ಕಳ ಕುರಿತು ಪ್ಯಾಟ್ರಿಕ್ ಪಟ್ಟ ಭಯ ಹೀಗೆ ಅರ್ಧ ನಿಜವಾಯಿತು, ಅರ್ಧ ಸುಳ್ಳಾಯಿತು. ಮನೆ ಕೈತಪ್ಪಿತು ನಿಜ. ಆದರೆ ಬೀದಿಗೆ ಬೀಳಲು ಮಕ್ಕಳೇ ಉಳಿದಿರಲಿಲ್ಲ. ನೆಲೆಯ ಚಿಂತೆಯಲ್ಲಿ ಅವರು ಬರೆದ ಪುಸ್ತಕಗಳು ಉಳಿದವು. 1928ರಲ್ಲಿ ಸರ್ ಜೇಮ್ಸ್ ರಾಬರ್ಟ್ಸ್ ಆ ಮನೆಯನ್ನು ಕೊಂಡು ಬ್ರಾಂಟೆ ಸೊಸೈಟಿಗೆ ದಾನ ಮಾಡಿದರು. ಧರ್ಮದರ್ಶಿಗಳು ತೆರವು ಮಾಡಿಸಿದ ಮನೆಗೆ ಇಂದು ಜಗತ್ತಿನ ಮೂಲೆಮೂಲೆಯಿಂದ ಓದುಗರು ಬರುತ್ತಾರೆ. ಅದನ್ನೀಗ ಎಲ್ಲರೂ ಬ್ರಾಂಟೆಯವರ ಮನೆ ಎಂದೇ ಕರೆಯುತ್ತಾರೆ.