ನಾಲ್ಕು ತಂತಿಗಳ ಜೇಮ್ಸ್ ಜೇಮರ್ಸನ್

ಡೆಟ್ರಾಯಿಟ್ ನಗರದ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯಲ್ಲಿ ಹೆನ್ರಿ ಫೋರ್ಡ್ ಆಸ್ಪತ್ರೆಗೆ ಅನತಿ ದೂರದಲ್ಲಿ 2648ನೇ ಸಂಖ್ಯೆಯ ಸಾಧಾರಣ ಮನೆಯೊಂದಿದೆ. ಬೆರಿ ಗಾರ್ಡಿ ಅವರ ಮೋಟೌನ್ ಸಂಗೀತ ಸಂಸ್ಥೆ ಬೆಳೆದದ್ದು ಅಲ್ಲಿ. ಮಿಷಿಗನ್ನಿನಲ್ಲಿ ವೈದ್ಯವೃತ್ತಿ ನಡೆಸುತ್ತ, ಬಿಡುವಿನಲ್ಲಿ ಬೇಸ್ ಗಿಟಾರ್ ನುಡಿಸುವ ನನಗೆ ಆ ಮನೆ ಕೇವಲ ಪ್ರವಾಸಿ ತಾಣವಲ್ಲ. ಜೇಮ್ಸ್ ಜೇಮರ್ಸನ್ ಎಂಬ ಮಹಾವಾದಕ ದುಡಿದ ಸ್ಥಳವದು.

ಬೇಸ್ ಗಿಟಾರಿನ ಕೆಲಸವನ್ನು ಊರಿನ ಬಂಧುಗಳಿಗೆ ಹೀಗೆ ವಿವರಿಸುತ್ತೇನೆ: ತಂಬೂರಿಯ ಆಧಾರ, ಮೃದಂಗದ ನಡೆ, ಎರಡನ್ನೂ ಬೆಸೆಯುವ ಮಂದ್ರ ದನಿ ಅದು. ಸಾಂಪ್ರದಾಯಿಕವಾಗಿ ಅದಕ್ಕೆ ನಾಲ್ಕು ತಂತಿ. ಈಗ ಐದು, ಆರು ತಂತಿಗಳ ವಾದ್ಯಗಳು ಹೇರಳವಾಗಿವೆ. ನಮ್ಮ ಕನ್ನಡ ಕೂಟದ ವಾದ್ಯಗೋಷ್ಠಿಯ ತರುಣರು ಅವನ್ನೇ ತರುತ್ತಾರೆ; ನಾನೇಕೆ ಇನ್ನೂ ನಾಲ್ಕರಲ್ಲೇ ಉಳಿದಿದ್ದೇನೆಂದು ಕೇಳುತ್ತಾರೆ. ಜೇಮರ್ಸನ್ನರ ಬದುಕೇ ನನ್ನ ಉತ್ತರ.

ಜೇಮರ್ಸನ್ ಹುಟ್ಟಿದ್ದು 1936ರ ಜನವರಿ 29ರಂದು, ದಕ್ಷಿಣ ಕೆರೊಲಿನಾದ ಎಡಿಸ್ಟೊ ದ್ವೀಪದಲ್ಲಿ. 1954ರಲ್ಲಿ ತಾಯಿಯೊಡನೆ ಡೆಟ್ರಾಯಿಟಿಗೆ ಬಂದರು. ಉದ್ಯೋಗ ಅರಸಿ ದಕ್ಷಿಣದಿಂದ ಉತ್ತರದ ಕೈಗಾರಿಕಾ ನಗರಗಳಿಗೆ ಹರಿದ ಲಕ್ಷಾಂತರ ಕಪ್ಪು ಅಮೆರಿಕನ್ನರ ವಲಸೆಯಲ್ಲಿ ಈ ಕುಟುಂಬವೂ ಒಂದು. ಅಲ್ಲಿನ ನಾರ್ತ್‌ವೆಸ್ಟರ್ನ್ ಪ್ರೌಢಶಾಲೆಯಲ್ಲಿ ಆಳೆತ್ತರದ ಡಬಲ್ ಬೇಸ್ ಕಲಿತು, ನಗರದ ಕ್ಲಬ್ಬುಗಳಲ್ಲಿ ಜಾಝ್ ನುಡಿಸಿ, 1950ರ ದಶಕದ ಕೊನೆಗೆ ಮೋಟೌನ್ ಸೇರಿದರು.

ಮುಂದೆ ಕೈಗೆ ಬಂದದ್ದು 1962ರ ಫೆಂಡರ್ ಪ್ರಿಸಿಷನ್. ನಾಲ್ಕು ತಂತಿಗಳ, ಯಾವ ವಿಶೇಷ ಮಾರ್ಪಾಡೂ ಇಲ್ಲದ, ಅಂಗಡಿಯಲ್ಲಿ ಯಾರಿಗೂ ದೊರೆಯುತ್ತಿದ್ದ ವಾದ್ಯ. ತಂತಿಗಳು ದಪ್ಪ, ನುಣುಪು. ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ನಾದ ಬೇಗ ಅಡಗಲೆಂದು ತಂತಿಗಳ ಬುಡದಲ್ಲಿ ಸ್ಪಂಜಿನ ತುಂಡು. ಮೀಟಲು ಬಲಗೈಯ ತೋರುಬೆರಳೊಂದೇ. ಆ ಬೆರಳಿಗೆ ಕೊಕ್ಕೆ ಎಂಬ ಅಡ್ಡಹೆಸರೇ ಬಿದ್ದಿತ್ತು.

ನಾಲ್ಕು ತಂತಿಗಳ ಬೇಸಿನ ಅತಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು 41 ಕಂಪನ. ಐದನೆಯ ತಂತಿ ಸೇರಿದರೆ ಸುಮಾರು 31ಕ್ಕೆ ಇಳಿಯಬಹುದು. ಆದರೆ ಅಂದಿನ ಕಾರಿನ ರೇಡಿಯೋ 41ನ್ನೇ ಸರಿಯಾಗಿ ನುಡಿಯಲಾರದು. ಮೇಲಿನ ಉಪಸ್ವರಗಳನ್ನು ಕೇಳಿ, ಕಾಣೆಯಾದ ಮೂಲಸ್ವರವನ್ನು ನಮ್ಮ ಮಿದುಳೇ ಕಟ್ಟಿಕೊಳ್ಳುತ್ತದೆ. ಜೇಮರ್ಸನ್ ಹುಡುಕಿದ್ದು ಇನ್ನಷ್ಟು ತಗ್ಗನ್ನಲ್ಲ. ಒಂದು ಸ್ವರದಿಂದ ಮತ್ತೊಂದಕ್ಕೆ ಹೋಗುವ ಹೊಸ ದಾರಿಗಳನ್ನು. ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ ಹಾಡಿನ ಆರಂಭದಲ್ಲಿ ಅವರು ನುಡಿಸಿದ್ದು ಅತ್ಯಂತ ಸರಳ. ಫೋರ್ ಟಾಪ್ಸ್ ತಂಡದ ‘ಬರ್ನಾಡೆಟ್’ನಲ್ಲಿ ಅದೇ ಬೆರಳು ಗಾಯಕನೊಡನೆ ಸಂವಾದಕ್ಕೇ ಇಳಿಯುತ್ತದೆ. ಎರಡಕ್ಕೂ ನಾಲ್ಕು ತಂತಿ ಸಾಲದೆ ಹೋಗಲಿಲ್ಲ.

ಇಷ್ಟಾದರೂ ಬಹುಕಾಲ ಮೋಟೌನ್ ತಟ್ಟೆಗಳ ಮೇಲೆ ವಾದಕರ ಹೆಸರೇ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಜೇಮರ್ಸನ್ನರನ್ನು ಗೌರವದಿಂದ ಹೆಸರಿಸಿತು. ಮರುವರ್ಷ ಸಂಸ್ಥೆ ಲಾಸ್ ಏಂಜಲೀಸಿಗೆ ಸ್ಥಳಾಂತರಗೊಂಡಿತು. ಅವರೂ ಬೆನ್ನು ಹತ್ತಿ ಹೋದರು. ಆರಂಭದಲ್ಲಿ ಕೆಲಸವಿತ್ತು. ಆದರೆ ಹೊಸ ನಿರ್ಮಾಪಕರು ಝಣಝಣಿಸುವ ಹೊಸ ತಂತಿಗಳ ದನಿಯನ್ನು ಬಯಸಿದರು. ಇವರು ಬದಲಾಗಲೊಪ್ಪಲಿಲ್ಲ. ಕರೆಗಳು ನಿಂತವು. ಮೊದಲೇ ಇದ್ದ ಕುಡಿತ ಬಲಿಯಿತು.

ಇದನ್ನು ಕಲಾವಿದನ ಹಟದ ದಂತಕಥೆಯೆಂದು ಓದಲು ವೈದ್ಯನಾದ ನನ್ನಿಂದಾಗದು. ಮದ್ಯವ್ಯಸನ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಹಳೆಯ ತಂತಿಗಳು ಜೇಮರ್ಸನ್ನರನ್ನು ಕೊಲ್ಲಲಿಲ್ಲ. ಡೆಟ್ರಾಯಿಟಿನಲ್ಲಿ ದಿನವೂ ಜೊತೆಗಿದ್ದ, ಅವರ ಒಂದೊಂದು ಮೀಟಿಗೂ ಕಿವಿಗೊಡುತ್ತಿದ್ದ ಡ್ರಮ್ಮು, ಪಿಯಾನೋ, ಗಿಟಾರುಗಳ ಬಳಗ ಹೊಸ ಊರಿನಲ್ಲಿ ಚದುರಿಹೋಗಿತ್ತು. ಕೌಶಲ ಊರಿಂದೂರಿಗೆ ಬರುತ್ತದೆ, ಬಳಗ ಬರುವುದಿಲ್ಲ. ವಿದೇಶಕ್ಕೆ ಹೊರಟಿರುವ ತರುಣರು ವೀಸಾ, ಸಂಬಳಗಳ ಲೆಕ್ಕದೊಂದಿಗೆ ಇದನ್ನೂ ಲೆಕ್ಕಿಸುವುದೊಳಿತು. ಅಲ್ಲಿಂದ ಫೋನ್ ಮಾಡುವ ಮಗನ ದನಿ ಬತ್ತಿದೆಯೆಂದು ಅನಿಸಿದರೆ, ತಂದೆ ತಾಯಂದಿರು ಸಂಬಳಕ್ಕಿಂತ ಮೊದಲು ಸ್ನೇಹಿತರ ಬಗ್ಗೆ ವಿಚಾರಿಸಲಿ.

1983ರ ಆಗಸ್ಟ್ 2ರಂದು, ಯಕೃತ್ತಿನ ಸಿರೋಸಿಸ್ ಮತ್ತು ಅದರ ತೊಡಕುಗಳಿಂದ ಜೇಮರ್ಸನ್ ತೀರಿಕೊಂಡರು. ವಯಸ್ಸು ಕೇವಲ 47. ಸಾವಿಗೆ ಕೆಲದಿನ ಮುಂಚೆ ಆ ಪ್ರಿಸಿಷನ್ ಬೇಸ್ ಕಳುವಾಗಿತ್ತು. ದೇಹ ಡೆಟ್ರಾಯಿಟಿಗೆ ಮರಳಿತು. ವುಡ್‌ಲಾನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.

ಐದಾರು ತಂತಿಗಳು ತಪ್ಪಲ್ಲ; ಕೆಲವು ಸಂಗೀತಕ್ಕೆ ಅವು ಬೇಕೇ ಬೇಕು. ಆದರೆ ಕೊರತೆ ತಂತಿಯದೋ ಬೆರಳಿನದೋ ಎಂಬ ಸಂಶಯ ಬಂದಾಗ ‘ಬರ್ನಾಡೆಟ್’ ಹಾಡನ್ನು ಒಮ್ಮೆ ಕೇಳಿರೆಂದು ನಮ್ಮ ತರುಣರಿಗೆ ಹೇಳುತ್ತೇನೆ.