ಪ್ರಶ್ನೆಯನ್ನು ಬಿಡದ ಡಿ.ವಿ.ಜಿ.

ಬೆಂಗಳೂರಿನ ಯಡಿಯೂರು ಕೆರೆಯ ಬಳಿಯಿಂದ ಉತ್ತರ ದಿಕ್ಕಿಗೆ ಸ್ವಲ್ಪ ದೂರ ನಡೆದರೆ ನರಸಿಂಹರಾಜ ಕಾಲೊನಿ ಸಿಗುತ್ತದೆ. ಅಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಇನ್ನೂ ಮುಂದೆ ಹೋದರೆ ಗಾಂಧಿ ಬಜಾರು. ಅಲ್ಲಿನ ಒಂದು ರಸ್ತೆಗೆ ಡಿ.ವಿ.ಜಿ. ರಸ್ತೆಯೆಂದು ಹೆಸರು. ಹೂವು ಹಣ್ಣು ಕೊಳ್ಳಲು ಆ ರಸ್ತೆಗೆ ಬರುವವರೆಲ್ಲರೂ ಡಿ.ವಿ.ಜಿ.ಯವರ ಗ್ರಂಥಗಳನ್ನು ಓದಿದವರಲ್ಲ. ಆದರೂ ಅವರ ಮನೆಗಳಲ್ಲಿ ಕಷ್ಟವೊಂದು ಬಂದೆರಗಿದಾಗ ಹಿರಿಯರೊಬ್ಬರ ಬಾಯಿಂದ ನಾಲ್ಕು ಸಾಲಿನ ಪದ್ಯವೊಂದು ತಾನಾಗಿ ಹೊರಡುವುದುಂಟು. ಅದು ‘ಮಂಕುತಿಮ್ಮನ ಕಗ್ಗ’ದ ಪದ್ಯವಾಗಿರುತ್ತದೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಜನಿಸಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರಿಗೆ ಜಯ ದೊರೆಯಲಿಲ್ಲ. ಶಾಲೆಯ ಓದು ಅಲ್ಲಿಗೇ ನಿಂತಿತು. ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಬಂದ ತರುಣನು ಜಟಕಾ ಬಂಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿಯೂ ಕೆಲಕಾಲ ದುಡಿದನು. ಮುಂದೆ ಇದೇ ವ್ಯಕ್ತಿ ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ ಸಭೆಯ ಸದಸ್ಯನಾದನು. 1961ರಲ್ಲಿ ಆ ವಿಶ್ವವಿದ್ಯಾನಿಲಯವೇ ಅವರನ್ನು ಗೌರವ ಡಾಕ್ಟರೇಟ್ ಪದವಿಯಿಂದ ಸನ್ಮಾನಿಸಿತು. ಪರೀಕ್ಷೆಯಲ್ಲಿ ಸೋತವರೆಲ್ಲರೂ ಹೀಗಾಗುವುದಿಲ್ಲವೆಂಬುದನ್ನೂ ನಾನು ಮರೆಮಾಚಲಾರೆ. ಗುಂಡಪ್ಪನವರು ಬಿಟ್ಟದ್ದು ಶಾಲೆಯನ್ನು, ಓದನ್ನಲ್ಲ. ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ವಿದ್ವಾಂಸರ ಬಳಿ ಕುಳಿತು ವೇದಾಂತವನ್ನು ಕಲಿತರು. ಇಂಗ್ಲಿಷಿನ ಕವಿಗಳನ್ನೂ ರಾಜ್ಯಶಾಸ್ತ್ರಜ್ಞರನ್ನೂ ಸ್ವಂತ ಪರಿಶ್ರಮದಿಂದ ಓದಿಕೊಂಡರು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನೂ, ‘ಉಮರನ ಒಸಗೆ’ ಎಂಬ ಹೆಸರಿನಲ್ಲಿ ಉಮರ್ ಖಯ್ಯಾಮನ ಪದ್ಯಗಳನ್ನೂ ಕನ್ನಡಕ್ಕೆ ತಂದರು.

ಅವರ ವೃತ್ತಿ ಪತ್ರಿಕೋದ್ಯಮ. ಅರಸರ ಆಳ್ವಿಕೆಯ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆ ನಡೆಸುವುದು ಆಗ ಸುಲಭವಾಗಿರಲಿಲ್ಲ. 1908ರ ಪತ್ರಿಕಾ ಶಾಸನ ಬಲು ಕಠಿಣವಾಗಿತ್ತು. ಆದರೂ ಅವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿ, ಸಂಸ್ಥಾನದ ಪ್ರಜೆಗಳ ಹಕ್ಕುಗಳ ಪರವಾಗಿ ಬರೆದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಸ್ನೇಹ ಅವರಿಗೆ ಒದಗಿತ್ತು. ಆ ಸ್ನೇಹವನ್ನು ಸಂಪಾದನೆಯ ದಾರಿಯನ್ನಾಗಿ ಅವರು ಮಾಡಿಕೊಳ್ಳಲಿಲ್ಲ. ಸರ್ಕಾರದ ಕೆಲಸಗಳಿಗಾಗಿ ಬಂದಿದ್ದ ಚೆಕ್ಕುಗಳು, ಹಣವಾಗಿ ಮಾರ್ಪಡದೆ, ಅವರ ಮರಣಾನಂತರ ಪೆಟ್ಟಿಗೆಯಲ್ಲಿ ದೊರೆತವೆಂದು ಹೇಳುತ್ತಾರೆ.

ಇಂಥ ನಿಷ್ಠೆಯ ಬೆಲೆಯನ್ನು ತೆತ್ತವರು ಮನೆಯವರೂ ಹೌದು. ಒಮ್ಮೆ ಬಂಧುಗಳ ಮನೆಯ ಸಮಾರಂಭಕ್ಕೆ ಮಕ್ಕಳನ್ನು ಕಳುಹಿಸಿ, ಪತ್ನಿ ಭಾಗೀರಥಮ್ಮನವರು ತಾವು ಮಾತ್ರ ಮನೆಯಲ್ಲಿಯೇ ಉಳಿದರು. ಏಕೆ ಹೋಗಲಿಲ್ಲವೆಂದು ಪತಿ ಕೇಳಿದಾಗ ಕಾರಣ ಹೊರಬಿತ್ತು. ಅವರಿಗಿದ್ದ ಸೀರೆ ಹರಿದು ತೇಪೆ ಹಾಕಿದ್ದು. ಅದನ್ನುಟ್ಟು ನಾಲ್ಕು ಜನರ ನಡುವೆ ಹೋದರೆ ಪತಿಯ ಹೆಸರಿಗೆ ಕುಂದು ಬಂದೀತೆಂದು ಆಕೆ ಹಿಂಜರಿದಿದ್ದರು. ಗುಂಡಪ್ಪನವರಿಗೆ ನಲವತ್ತು ತುಂಬುವ ಮೊದಲೇ ಆಕೆ ತೀರಿಕೊಂಡರು. ಅವರು ಮತ್ತೆ ಮದುವೆಯಾಗಲಿಲ್ಲ. ಮಕ್ಕಳಲ್ಲಿ ಒಬ್ಬರಾದ ಬಿ.ಜಿ.ಎಲ್. ಸ್ವಾಮಿಯವರು ಮುಂದೆ ಹೆಸರಾಂತ ಸಸ್ಯವಿಜ್ಞಾನಿಯೂ ಸಾಹಿತಿಯೂ ಆದರು.

ಈ ಬದುಕಿಗೆ ಅರ್ಥವಿದೆಯೇ? ಕಣ್ಣಿಗೆ ಕಾಣುವ ಜಗತ್ತು ನಿಜವೋ, ಬರಿಯ ತೋರಿಕೆಯೋ? ನಮಗೆ ತಿಳಿದಿದೆಯೆಂದು ನಾವು ಹೇಳುವುದು ಎಷ್ಟರ ಮಟ್ಟಿಗೆ ತಿಳಿವಳಿಕೆ? ಪಂಡಿತರ ಗೋಷ್ಠಿಯಲ್ಲಿ ಇವು ವಾದದ ವಿಷಯಗಳು. ಒಲೆಯ ಮುಂದೆ ಗೃಹಿಣಿಯಿಲ್ಲದ ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ ಒಬ್ಬನೇ ಕುಳಿತವನಿಗೆ ಇವು ವಾದದ ವಿಷಯಗಳಲ್ಲ. ಡಿ.ವಿ.ಜಿ.ಯವರ ತತ್ತ್ವಚಿಂತನೆಗೆ ಗ್ರಂಥಗಳಷ್ಟೇ ಈ ಏಕಾಂತವೂ ಮೂಲವೆಂದು ನನ್ನ ಭಾವನೆ.

‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. ಎರಡನೆಯ ಮಹಾಯುದ್ಧ ಲೋಕವನ್ನು ಸುಡುತ್ತಿದ್ದ ಕಾಲವದು. ವಿಜ್ಞಾನ ಮನುಷ್ಯನಿಗೆ ಎಂದೂ ಇಲ್ಲದ ಶಕ್ತಿಯನ್ನು ಕೊಟ್ಟಿತ್ತು. ಆ ಶಕ್ತಿಯಿಂದಲೇ ನಗರಗಳು ಬೂದಿಯಾಗುತ್ತಿದ್ದವು. ಹಳೆಯ ನಂಬಿಕೆಗಳು ಸಡಿಲಿದ್ದವು, ಹೊಸವು ಬೇರೂರಿರಲಿಲ್ಲ. ಈ ದಿಗ್ಭ್ರಮೆಯನ್ನು ಕಗ್ಗ ಮುಚ್ಚಿಡದೆ ಹೇಳಿಕೊಳ್ಳುತ್ತದೆ. ಅದರಲ್ಲಿ 945 ಪದ್ಯಗಳಿವೆ. ಕಗ್ಗವೆಂದರೆ ಸಾರವಿಲ್ಲದ ಮಾತೆಂದು ರೂಢಿಯ ಅರ್ಥ. ಮಂಕುತಿಮ್ಮನೆಂದರೆ ಬುದ್ಧಿ ಮಂದವಾದ ತಿಮ್ಮ. ಇಷ್ಟೊಂದು ಓದಿದ ಕವಿ ತನ್ನ ಹಿರಿಯ ಕೃತಿಗೆ ಇಂಥ ಹೆಸರನ್ನೇಕೆ ಇಟ್ಟರು? ವಿನಯ ಒಂದು ಕಾರಣವಿರಬಹುದು. ಇನ್ನೊಂದು ಕಾರಣವೂ ಉಂಟು. ಎಲ್ಲವನ್ನೂ ಬಲ್ಲೆನೆನ್ನುವವನು ಪ್ರಶ್ನೆ ಕೇಳಲಾರ, ಮಂಕುತಿಮ್ಮ ಕೇಳಬಲ್ಲ. ಕೃತಿಯ ಆರಂಭದ ವಂದನೆಯಲ್ಲಿಯೂ ಕವಿ ದೇವರನ್ನು ಕಂಡೆನೆಂದು ಸಾರುವುದಿಲ್ಲ. ಕಾಣದೆಯೂ ಜನರು ನಂಬಿಕೊಂಡು ಬಂದಿರುವ ಆ ವಿಸ್ಮಯಕ್ಕೆ ತಲೆಬಾಗುತ್ತಾರೆ.

ಜಗತ್ತೆಲ್ಲ ಮಾಯೆ, ಆದ್ದರಿಂದ ಅದನ್ನು ತೊರೆದು ಹೋಗಬೇಕೆಂಬ ಮಾತು ಅವರಿಗೆ ಒಪ್ಪಿಗೆಯಾಗಲಿಲ್ಲ. ಪರತತ್ತ್ವವೇ ಈ ಜಗತ್ತಾಗಿ ಆಟವಾಡುತ್ತಿರುವಾಗ, ಸಂಸಾರ, ಸಮಾಜ, ರಾಜ್ಯಗಳಲ್ಲಿ ನಮ್ಮ ಪಾಲಿಗೆ ಬಂದ ಕೆಲಸವನ್ನು ಶ್ರದ್ಧೆಯಿಂದ ಮಾಡುವುದೇ ಸಾಧನೆಯೆಂದು ಅವರು ತಿಳಿದರು. ವಿಚಾರಬುದ್ಧಿಯನ್ನು ಅವರು ಹಳಿಯಲಿಲ್ಲ; ಅದು ಕೊನೆಯ ಗುಟ್ಟನ್ನು ಬಿಡಿಸೀತೆಂದು ನೆಚ್ಚಿಕೊಳ್ಳಲೂ ಇಲ್ಲ. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೊರಟ ರೈತನ ಕೈಯಲ್ಲಿನ ಲಾಂದ್ರ ಇಡೀ ಊರನ್ನು ತೋರಿಸದು, ಮುಂದಿನ ಹೆಜ್ಜೆಯನ್ನು ತೋರಿಸುತ್ತದೆ. ಈ ಹೋಲಿಕೆ ನನ್ನದು, ಅವರದಲ್ಲ.

1945ರಲ್ಲಿ ಅವರು ಗೋಖಲೆ ಸಂಸ್ಥೆಯನ್ನು ಸ್ಥಾಪಿಸಿದರು. ರಾಜ್ಯಾಂಗದ ಚರ್ಚೆ, ಉಪನಿಷತ್ತಿನ ಪಾಠ ಎರಡೂ ಅಲ್ಲಿ ಒಂದೇ ಸೂರಿನಡಿ ನಡೆದವು. ನಾಗರಿಕನ ಕರ್ತವ್ಯವನ್ನೂ ಆತ್ಮವಿಚಾರವನ್ನೂ ಅವರು ಬೇರೆಬೇರೆಯೆಂದು ಎಣಿಸಿರಲಿಲ್ಲ. ಭಗವದ್ಗೀತೆಯನ್ನು ಕುರಿತ ಅವರ ಗ್ರಂಥಕ್ಕೆ ‘ಜೀವನಧರ್ಮಯೋಗ’ ಎಂಬ ಹೆಸರೂ ಇದೆ. 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1970ರಲ್ಲಿ ಅವರನ್ನು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ಗೋಖಲೆ ಸಂಸ್ಥೆಗೇ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು.

1975ರ ಅಕ್ಟೋಬರ್ 7ರಂದು ಡಿ.ವಿ.ಜಿ. ನಿಧನರಾದರು. ಕಗ್ಗದ 945 ಪದ್ಯಗಳಿಗೆ ಅವರ ವಿಚಾರ ಮುಗಿದಿರಲಿಲ್ಲ. ಆ ಬಳಿಕವೂ ಅವರು ಅದೇ ಬಗೆಯ ಪದ್ಯಗಳನ್ನು ಬರೆಯುತ್ತಲೇ ಇದ್ದರು. ಅವು ಮರಣಾನಂತರ, 1984ರಲ್ಲಿ ಪುಸ್ತಕವಾಗಿ ಹೊರಬಂದವು. ಅವುಗಳಲ್ಲಿಯೂ ಬಾಳಿನ ಅರ್ಥವೇನೆಂಬ ಹಳೆಯ ಪ್ರಶ್ನೆಗಳೇ ಇವೆ. ಕೇಳುವವನ ಹೆಸರು ಮಾತ್ರ ಬೇರೆ: ಇಲ್ಲಿ ಅವನು ಮಂಕುತಿಮ್ಮನಲ್ಲ, ಮರುಳ ಮುನಿಯ.